ಅಪ್‌ಡೇಟ್: 4-4-2 ಬಿಟ್ಟು 4-2-3-1 ಆಡಿದ್ವಿ

ನಮ್ಮ ಭಾನುವಾರದ ಫುಟ್‌ಬಾಲ್ ಟೀಮು 4-4-2 (ನಾಲ್ವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್, ಇಬ್ಬರು ಸ್ಟ್ರೈಕರ್) ಆಡುವಾಗ ಎದುರಾಳಿಯ ಮೂವರು ಮಿಡ್‌ಫೀಲ್ಡರ್‌ಗಳ ನಡುವೆ ನಮ್ಮ ಮಧ್ಯದ ಇಬ್ಬರು ಮಿಡ್‌ಫೀಲ್ಡರ್‌ಗಳು ಓಡಿ ಓಡಿ ಸುಸ್ತಾಗ್ತಾರೆ, ಏನು ಮಾಡೋದು ಅಂತ ಕೇಳಿದ್ದೆನಲ್ಲ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ವರ್ಕ್ ಆಗಿದ್ದು, ಒಬ್ಬ ಸ್ಟ್ರೈಕರ್‌ನ ಹಿಂದಕ್ಕೆಳೆದು ನಂಬರ್ 10 (ಉಳಿದ ಸ್ಟ್ರೈಕರ್‌ನ ಹಿಂದೆ ಆಡುವವನು) ಮಾಡಿ ಅನ್ನೋ ಸಲಹೆ, ಅದೇ 4-2-3-1. ಚೆಂಡು ಅವರ ಹತ್ತಿರ ಇದ್ದಾಗ ಇವನು ಅವರ ಹೋಲ್ಡಿಂಗ್ ಮಿಡ್‌ಫೀಲ್ಡರ್‌ಗೆ (ಡಿಫೆನ್ಸ್ ಮುಂದೆ ನಿಲ್ಲುವವನಿಗೆ) ಅಂಟಿಕೊಂಡೇ ಇರ್ತಾನೆ. ಅವರ ಸೆಂಟರ್ ಬ್ಯಾಕ್‌ಗಳಿಗೆ ನಡುವಿನ ಪಾಸ್ ಸಿಗದೆ, ಸುಮ್ಮನೆ ಉದ್ದಕ್ಕೆ ಒದೀತಾರೆ. ನಂಬರ್ 10ರ ಹಿಂದಿರೋ ನಮ್ಮ ಇಬ್ಬರು ಮಿಡ್‌ಫೀಲ್ಡರ್‌ಗಳಿಗೆ ಅಂಥ ಚೆಂಡು ಹೆಕ್ಕೋದೇ ಕೆಲಸ.

ಫಾಲ್ಸ್ ನೈನ್ (ಮುಂದೆ ನಿಲ್ಲದೆ ಮಿಡ್‌ಫೀಲ್ಡ್‌ಗೆ ಇಳಿದು ಆಡುವ ಸ್ಟ್ರೈಕರ್) ಮಾತ್ರ ಒಗ್ಗಲಿಲ್ಲ. ಸ್ಟ್ರೈಕರ್ ಕೆಳಗಿಳಿದ, ಸರಿ. ಖಾಲಿಯಾದ ಜಾಗಕ್ಕೆ ನುಗ್ಗಬೇಕಾದ ವಿಂಗರ್‌ಗಳು ಸೈಡ್‌ಲೈನ್ ಬಿಟ್ಟು ಕದಲಲೇ ಇಲ್ಲ! 2009ರ ಮೇ 2ರಂದು ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್‌ನ ಅವರದೇ ಅಂಗಳದಲ್ಲಿ 6-2ರಿಂದ ಸೋಲಿಸಿದ ಪಂದ್ಯ ನೋಡಿ. ಮೆಸ್ಸಿ ಕೆಳಗಿಳಿದಾಗ ಆನ್ರಿ ಎಡಗಡೆಯಿಂದ ಒಳಗೆ ಓಡ್ತಾನೆ, ಎರಡು ಗೋಲು ಅವನದ್ದೇ. ಅಂಥ ಓಟ ಇಲ್ಲದಿದ್ದರೆ ಬಾಕ್ಸ್‌ನಲ್ಲಿ ನಮ್ಮವರು ಒಬ್ಬರೂ ಇರಲ್ಲ.

ಹುಡುಕ್ತಾ ಹೋದಾಗ ಗೊತ್ತಾಗಿದ್ದು, ಇದು ಆಗಿನ ಬಾರ್ಸಿಲೋನಾ ಕೋಚ್ ಗಾರ್ಡಿಯೋಲಾ ಕಾಲದ ಹೊಸ ಐಡಿಯಾ ಏನಲ್ಲ. 1953ರಲ್ಲೇ ವೆಂಬ್ಲಿಯಲ್ಲಿ ಹಂಗೇರಿಯ ಹಿಡೆಕುಟಿ 9ನೇ ನಂಬರ್ ಜರ್ಸಿ ಹಾಕ್ಕೊಂಡು ಮಿಡ್‌ಫೀಲ್ಡ್‌ಗೆ ಇಳಿದು ಆಡಿದ್ದ. ಹಿಂಬಾಲಿಸಬೇಕೋ ನಿಲ್ಲಬೇಕೋ ಅಂತ ಇಂಗ್ಲೆಂಡ್ ಡಿಫೆಂಡರ್‌ಗೆ ಗೊತ್ತಾಗಲಿಲ್ಲ. ಅವನ ಹ್ಯಾಟ್ರಿಕ್, ಹಂಗೇರಿಗೆ 6-3 ಗೆಲುವು.

ಡೈಮಂಡ್ (ನಾಲ್ವರು ಮಿಡ್‌ಫೀಲ್ಡರ್‌ಗಳು ವಜ್ರದ ಆಕಾರದಲ್ಲಿ ನಿಲ್ಲೋದು) ಇನ್ನೂ ಟ್ರೈ ಮಾಡಿಲ್ಲ. ಅದರಲ್ಲಿ ವಿಂಗರ್‌ಗಳಿಲ್ಲ, ಅಗಲವೆಲ್ಲ ಫುಲ್‌ಬ್ಯಾಕ್‌ಗಳೇ (ಎಡ-ಬಲ ಅಂಚಿನ ಡಿಫೆಂಡರ್‌ಗಳು) ಓಡಿ ತುಂಬಬೇಕು. ನಮ್ಮ ರೈಟ್ ಬ್ಯಾಕ್‌ಗೆ ಮಂಡಿನೋವು.