ಮೂರು ಹಬ್, 18,000 ಕನೆಕ್ಷನ್: ಮಾನಿಟರಿಂಗ್ ಸರ್ವರ್ ಎಷ್ಟು ದೊಡ್ಡದಿರಬೇಕು?

ಪ್ರಶ್ನೆ (ಸಿಂಧನೂರು):
ಸರ್ ನಮಸ್ಕಾರ್ರಿ. ನಮ್ದು ಫೈಬರ್ ಇಂಟರ್ನೆಟ್. ರಾಯಚೂರು, ಸಿಂಧನೂರು, ಗಂಗಾವತಿ ಮೂರು ಕಡೆ ಹಬ್ ಅದಾವ. ಓಎಲ್‌ಟಿ (ಹಬ್‌ನ್ಯಾಗಿನ ಮುಖ್ಯ ಫೈಬರ್ ಪೆಟ್ಟಿಗಿ) 34, ಒಂದೊಂದಕ್ಕ 16 ಪಾನ್ ಪೋರ್ಟ್ (ಒಂದೊಂದರಿಂದ ಹಲವು ಮನಿಗೆ ಫೈಬರ್ ಹೋಗ್ತದ). ಸ್ವಿಚ್, ರೂಟರ್ ಕೂಡಿ 40. ಮನಿ ಕನೆಕ್ಷನ್ 18,000. ರಾಯಚೂರಿನ ಒಂದ ಸರ್ವರ್‌ನ್ಯಾಗ ಜಾಬಿಕ್ಸ್ (ಮಾನಿಟರಿಂಗ್ ಸಾಫ್ಟ್‌ವೇರ್) ಹಾಕೀವಿ, ಪ್ರತಿ ಓಎನ್‌ಟಿಯಿಂದ (ಮನ್ಯಾಗಿನ ಫೈಬರ್ ಡಬ್ಬಿ) 6 ಮಾಹಿತಿ 60 ಸೆಕೆಂಡಿಗೊಮ್ಮೆ ತಗೋತೀವಿ. ಗ್ರಾಫ್‌ನ್ಯಾಗ ನಡುನಡುವ ಖಾಲಿ ಬರ್ತದ, 1 ಟಿಬಿ ಡಿಸ್ಕ್ ಎರಡೂವರಿ ತಿಂಗಳಿಗೆ ತುಂಬ್ತು. ಗಂಗಾವತಿ ಲೈನ್ ಕಟ್ ಆದ್ರ ರಾಯಚೂರಿಂದೂ ಕೆಂಪು ತೋರಿಸ್ತದ. ದೊಡ್ಡ ಸರ್ವರ್ ತಗೊಂಡ್ರ ಸರಿ ಹೋಗ್ತದೇನ್ರಿ?

ಉತ್ತರ:
ಹೋಗಲ್ಲ. ಖಾಲಿ ಬರುವುದು ಇನ್ನೂ ಹೆಚ್ಚಾಗಬಹುದು.

ಲೆಕ್ಕ ನೋಡಿ. 18,000 × 6 ÷ 60 ಅಂದರೆ ಸೆಕೆಂಡಿಗೆ 1,800 ಅಂಕಿ. ಜಾಬಿಕ್ಸ್ ಒಂದು ಅಂಕಿ ಬರೆದಿಡಲು ಸುಮಾರು 90 ಬೈಟ್ ಬಳಸುತ್ತೆ. ದಿನಕ್ಕೆ 14 ಜಿಬಿ. ಎರಡೂವರೆ ತಿಂಗಳಿಗೆ ಡಿಸ್ಕ್ ತುಂಬಿದ್ದು ಇದರಿಂದಲೇ. ಆದರೆ ಸೆಕೆಂಡಿಗೆ 1,800 ಒಳ್ಳೆಯ ಎಸ್‌ಎಸ್‌ಡಿ ಇರುವ ಸರ್ವರ್‌ಗೆ ಭಾರವೇ ಅಲ್ಲ. ಭಾರ ಬಿದ್ದಿರುವುದು ಓಎಲ್‌ಟಿ ಮೇಲೆ. ಓಎನ್‌ಟಿಯ ಆಪ್ಟಿಕಲ್ ಪವರ್ (ಫೈಬರ್‌ನಲ್ಲಿ ಬರುವ ಬೆಳಕಿನ ಶಕ್ತಿ) ಕೇಳಿದರೆ ಓಎಲ್‌ಟಿ ಅದನ್ನು ಓಎಂಸಿಐ (ಓಎನ್‌ಟಿ ನಿಭಾಯಿಸುವ ಚಾನೆಲ್) ಮೂಲಕ ಮನೆಯಲ್ಲಿರುವ ಡಬ್ಬಿಯಿಂದ ತರಿಸಬೇಕು. ಓಎಲ್‌ಟಿಯ ಅದೇ ಸಣ್ಣ ಸಿಪಿಯು ಹೊಸ ಓಎನ್‌ಟಿ ನೋಂದಣಿಯನ್ನೂ ಮಾಡಬೇಕು. ನಿಮಿಷಕ್ಕೊಮ್ಮೆ ಕೇಳಿದರೆ ಉತ್ತರ ತಡವಾಗಿ ಟೈಮ್‌ಔಟ್ ಆಗುತ್ತೆ, ಗ್ರಾಫ್ ಖಾಲಿ ಕಾಣುತ್ತೆ. ಸರ್ವರ್ ದೊಡ್ಡದಾದಷ್ಟೂ ಓಎಲ್‌ಟಿಗೆ ಬೀಳುವ ಪೆಟ್ಟು ಜೋರು.

ಪವರ್ ಹಾಳಾಗುವುದು ಹೆಚ್ಚಾಗಿ ನಿಧಾನಕ್ಕೆ: ಫೈಬರ್ ಬಗ್ಗಿರುತ್ತೆ, ಕನೆಕ್ಟರ್ ಕೊಳೆಯಾಗಿರುತ್ತೆ. 30 ನಿಮಿಷಕ್ಕೊಮ್ಮೆ ಎರಡೇ ಅಂಕಿ ಸಾಕು, ಓಎನ್‌ಟಿಗೆ ಬಂದ ಪವರ್ ಮತ್ತು ಓಎಲ್‌ಟಿಗೆ ಬಂದ ಪವರ್. ಬಿ ಪ್ಲಸ್ ದರ್ಜೆಯ ಓಎನ್‌ಟಿಯ ಮಿತಿ ಮೈನಸ್ 27 ಡಿಬಿಎಂ (ಪವರ್‌ನ ಅಳತೆ). ಅಲಾರಂ ಮೈನಸ್ 25ಕ್ಕೇ ಇಡಿ. ಆನ್, ಆಫ್ ಸುದ್ದಿ ಟ್ರ್ಯಾಪ್‌ನಲ್ಲಿ (ಕೇಳದೆಯೇ ಸಾಧನ ಕಳಿಸುವ ಸಂದೇಶ) ತಾನಾಗಿ ಬರಲಿ. ಡೈಯಿಂಗ್ ಗ್ಯಾಸ್ಪ್ (ಆರುವ ಮುನ್ನ ಓಎನ್‌ಟಿ ಕಳಿಸುವ ಕೊನೆಯ ಸಂದೇಶ) ಬಂದರೆ ಮನೆಯ ಕರೆಂಟ್ ಹೋಗಿದೆ. ಬರದೆ ಬರೀ ಸಿಗ್ನಲ್ ಹೋಗಿದ್ದರೆ ಫೈಬರ್ ನೋಡಿ. ಒಂದು ಕರೆಂಟ್ ಫೀಡರ್ ಆಫ್ ಆದರೆ ನೂರಾರು ಗ್ಯಾಸ್ಪ್ ಒಟ್ಟಿಗೆ ಬರುತ್ತವೆ, ಹಾಗಾಗಿ ಪಾನ್ ಪೋರ್ಟಿಗೊಂದೇ ಅಲಾರಂ ಏಳುವಂತೆ ಒಟ್ಟುಗೂಡಿಸಿ.

ಸೆಕೆಂಡಿಗೆ ಎಷ್ಟು ಅಂಕಿ ಅನ್ನುವ ಹೊಸ ಲೆಕ್ಕ ಹೀಗಾಗುತ್ತೆ. ಓಎನ್‌ಟಿ 18,000 × 2 ÷ 1,800 = 20. ಪಾನ್ ಪೋರ್ಟ್ 544, ಸ್ವಿಚ್ ಪೋರ್ಟ್ ಸೇರಿ 1,500 ಅಂತ ಹಿಡಿದರೆ, ತಲಾ 8 ಅಂಕಿ, 5 ನಿಮಿಷಕ್ಕೊಮ್ಮೆ: 40. ಅದರಲ್ಲಿ ಮುಖ್ಯ ಅಪ್‌ಲಿಂಕ್ (ಮೇಲಿನ ನೆಟ್‌ವರ್ಕ್‌ಗೆ ಹೋಗುವ ಲೈನ್) 60 ಮಾತ್ರ ನಿಮಿಷಕ್ಕೊಮ್ಮೆ: 8. ಸಿಪಿಯು, ತಾಪಮಾನ, ಫ್ಯಾನ್, 74 ಸಾಧನಕ್ಕೆ ತಲಾ 10, ನಿಮಿಷಕ್ಕೊಮ್ಮೆ: 12. ಒಟ್ಟು ಸೆಕೆಂಡಿಗೆ 80. 90 ದಿನದ ಹಿಸ್ಟರಿ (ಬಂದ ಪ್ರತಿ ಅಂಕಿ) 56 ಜಿಬಿ. ಟ್ರೆಂಡ್ (ಗಂಟೆಯ ಸಾರಾಂಶ) ಬೇರೆ: ಅದು ಗಂಟೆಗೊಂದು ಸಾಲು, ಐಟಂ (ಅಳೆಯುವ ಪ್ರತಿ ಸಂಗತಿ) ಸಂಖ್ಯೆ ಮೇಲೆ ನಿಂತಿರುತ್ತೆ. 49,000 ಐಟಂಗೆ ವರ್ಷಕ್ಕೆ 39 ಜಿಬಿ. ಬೆಳವಣಿಗೆಗೆ ಎರಡರಷ್ಟು ಇಟ್ಟರೂ 1 ಟಿಬಿ ಎಸ್‌ಎಸ್‌ಡಿ ಎರಡು ಮಿರರ್‌ನಲ್ಲಿ ಹಾಕಿದರೆ ಧಾರಾಳ. ಹಿಸ್ಟರಿ ಟೇಬಲ್‌ಗೆ ದಿನದ ಪಾರ್ಟಿಷನ್ (ದಿನಕ್ಕೊಂದು ಬೇರೆ ತುಂಡು) ಮಾಡಿ, ಇಲ್ಲದಿದ್ದರೆ ಹಳೆಯದನ್ನು ಅಳಿಸುವಾಗಲೇ ಡೇಟಾಬೇಸ್ ತೆವಳುತ್ತೆ.

ಇನ್ನೊಂದು ತಪ್ಪು ತುಂಬ ಕಡೆ ಇದೆ: 32 ಬಿಟ್ ಕೌಂಟರ್ (ಪೋರ್ಟ್‌ನಲ್ಲಿ ಹರಿದ ಬೈಟ್ ಎಣಿಸುವ ಮೀಟರ್). 10 ಜಿ ಲಿಂಕ್ ತುಂಬಿ ಹರಿದರೆ ಅದು 3.4 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತೆ, ನಿಮಿಷಕ್ಕೊಮ್ಮೆ ಓದಿದ ಗ್ರಾಫ್ ಶುದ್ಧ ಸುಳ್ಳು. 64 ಬಿಟ್ ಕೌಂಟರ್ ಹಾಕಿ. ಎಸ್‌ಎನ್‌ಎಂಪಿ (ಸಾಧನದಿಂದ ಅಂಕಿ ಕೇಳುವ ಪ್ರೋಟೋಕಾಲ್) ಆವೃತ್ತಿ 1ರಲ್ಲಿ ಅದು ಬರಲ್ಲ, 2ಸಿ ಅಥವಾ 3 ಬೇಕು.

ಪ್ರಶ್ನೆ (ಸಿಂಧನೂರು):
ಸರಿ ಸರ್. ಆದ್ರ ಗಂಗಾವತಿ ಕಟ್ ಆದ್ರ ರಾಯಚೂರಿಂದು ಯಾಕ ಕೆಂಪಾಗ್ತದ್ರಿ?

ಉತ್ತರ:
ಪೋಲರ್‌ಗಳು (ಸಾಧನಗಳಿಂದ ಅಂಕಿ ಕೇಳಿ ತರುವ ಜಾಬಿಕ್ಸ್‌ನ ಪ್ರೋಸೆಸ್‌ಗಳು) ಸತ್ತ ಸಾಧನಗಳ ಮುಂದೆ ಕಾದು ನಿಲ್ಲುತ್ತವೆ. ಗಂಗಾವತಿಯಲ್ಲಿ 24 ಸಾಧನ ಅಂದುಕೊಳ್ಳಿ. 3 ಸೆಕೆಂಡ್ ಟೈಮ್‌ಔಟ್, 3 ಯತ್ನ: ಒಂದಕ್ಕೆ 9, ಎಲ್ಲಕ್ಕೂ 216 ಸೆಕೆಂಡ್. ಪೋಲರ್ ಐದೇ ಇದ್ದರೆ ಒಂದು ಸುತ್ತಿಗೆ 43 ಸೆಕೆಂಡ್ ಐದೂ ಕಟ್ಟಿಹಾಕಿದಂತೆ. ಅಷ್ಟರಲ್ಲಿ ಬದುಕಿರುವ ರಾಯಚೂರಿನ ಸರದಿ ತಪ್ಪುತ್ತೆ. ಎಷ್ಟು ಪೋಲರ್ ಬೇಕು ಅನ್ನುವುದನ್ನು ಈ ಕೆಟ್ಟ ದಿನಕ್ಕೆ ಲೆಕ್ಕ ಹಾಕಬೇಕು, ಮಾಮೂಲಿ ದಿನಕ್ಕಲ್ಲ. ಜಾಬಿಕ್ಸ್ 7.0ರಿಂದ ಎಸ್‌ಎನ್‌ಎಂಪಿಗೆ ಕಾಯದೆ ಮುಂದೆ ಹೋಗುವ ಬೇರೆ ಪೋಲರ್ ಬಂದಿದೆ, ಅಪ್‌ಗ್ರೇಡ್ ಮಾಡಿ ಐಟಂಗಳನ್ನು ಅದಕ್ಕೆ ಬದಲಿಸಿ.

ಜೊತೆಗೆ ಪ್ರತಿ ಹಬ್‌ನಲ್ಲೂ ಒಂದು ಪ್ರಾಕ್ಸಿ (ಸರ್ವರ್ ಪರವಾಗಿ ಅಲ್ಲೇ ಅಂಕಿ ಸಂಗ್ರಹಿಸುವ ಯಂತ್ರ) ಇಡಿ. 4 ಕೋರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿಯ ಸಣ್ಣ ಪೆಟ್ಟಿಗೆ ಸಾಕು. ಲೈನ್ ಕಟ್ ಆದರೂ ಅಲ್ಲೇ ಬರೆದಿಟ್ಟುಕೊಂಡು ಆಮೇಲೆ ಕಳಿಸುತ್ತೆ. ಆದರೆ ಆಫ್‌ಲೈನ್ ಬಫರ್ ಡೀಫಾಲ್ಟ್ 1 ಗಂಟೆ ಮಾತ್ರ. ಗಂಗಾವತಿ ದಾರಿಯಲ್ಲಿ ಜೆಸಿಬಿ ಕಿತ್ತ ಕೇಬಲ್ ಜೋಡಿಸಲು ಅಷ್ಟು ಸಾಲಲ್ಲ, 72ಕ್ಕೆ ಏರಿಸಿ. ಹಬ್ ರೂಟರ್ ಬಿದ್ದರೆ ಅದರ ಹಿಂದಿನ ಅಲಾರಂ ಸುಮ್ಮನಿರುವಂತೆ ಡಿಪೆಂಡೆನ್ಸಿ ಕಟ್ಟಿ.

ಪ್ರತಿಕ್ರಿಯೆ (ಬಳ್ಳಾರಿ):
ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮ್ಯಾನೇಜ್‌ಮೆಂಟ್ ದಾರಿ (ಸಾಧನಗಳನ್ನ ದೂರದಿಂದ ನಿಭಾಯಿಸೋ ಲೈನ್) ಗ್ರಾಹಕರ ಫೈಬರ್‌ನಲ್ಲೇ ಹೋದ್ರೆ, ಕಟ್ ಆದ ದಿನ ನೀವೂ ಕುರುಡರು. ಹಬ್‌ಗೊಂದು 4ಜಿ ರೂಟರ್, 8 ಅಥವಾ 16 ಪೋರ್ಟ್ ಕನ್ಸೋಲ್ ಸರ್ವರ್ (ಸಾಧನಗಳ ಕನ್ಸೋಲ್ ಪೋರ್ಟಿಗೆ ದೂರದಿಂದ ಒಳಗೆ ಹೋಗೋ ಪೆಟ್ಟಿಗೆ) ಹಾಕಿ. ಮಾಮೂಲಿ ಸಿಮ್‌ಗೆ ಹೊರಗಿನಿಂದ ಬರೋಕಾಗಲ್ಲ, ರೂಟರ್ ಒಳಗಿನಿಂದಲೇ ವಿಪಿಎನ್ ಎಬ್ಬಿಸಬೇಕು. ಟವರ್‌ಗೆ ಹೋಗೋ ಫೈಬರ್ ನಿಮ್ಮದೇ ಡಕ್ಟ್‌ನಲ್ಲಿ ಇಲ್ಲ ಅಂತ ವಿಚಾರಿಸಿಯೇ ಸಿಮ್ ತಗೊಳ್ಳಿ. ಇವೆರಡೂ ಸೇರಿ 25 ವ್ಯಾಟ್ ಎಳೆದ್ರೆ 12 ವೋಲ್ಟ್ 42 ಎಎಚ್ ಬ್ಯಾಟರಿ, ಅರ್ಧ ಮಾತ್ರ ಬಳಸಿದ್ರೂ, 10 ಗಂಟೆ ಬರುತ್ತೆ. ಮುಖ್ಯ ಯುಪಿಎಸ್‌ಗೆ ಕಟ್ಟಬೇಡಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಎಸಿ ನಿಂತ್ರೆ ರೂಮ್ ಬೇಗ ಕಾಯುತ್ತೆ. ತಾಪಮಾನದ ಸೆನ್ಸರ್ ಈ ದಾರಿಯಲ್ಲೇ ಬರಲಿ, 32 ಡಿಗ್ರಿಗೆ ಅಲಾರಂ ಇಡಿ.

ಪ್ರಶ್ನೆ (ಸಿಂಧನೂರು):
ರಾತ್ರಿ ಹಗಲು ನೋಡಾಕ ಎಷ್ಟು ಮಂದಿ ಬೇಕ್ರಿ? ಈಗ ಮೂವರದಾರ.

ಉತ್ತರ:
ಸಾಲಲ್ಲ. ವಾರಕ್ಕೆ 168 ಗಂಟೆ, ಒಬ್ಬರದು 48. ಒಂದು ಕುರ್ಚಿಗೇ ಮೂರೂವರೆ ಜನ. ರಜೆ, ಕಾಯಿಲೆ, ಊರ ಜಾತ್ರೆ ಸೇರಿಸಿದರೆ ಐದು. ಮೂವರನ್ನೇ ತಿರುಗಿಸಿದರೆ ನಿದ್ದೆಗಣ್ಣಲ್ಲಿ ತಪ್ಪು ಪೋರ್ಟ್ ಶಟ್ ಮಾಡುತ್ತಾರೆ, ಅದು ಅವರ ತಪ್ಪಲ್ಲ. ಐವರು ಆಗದಿದ್ದರೆ ರಾತ್ರಿ ಹಬ್ ಮಟ್ಟದ ಅಲಾರಂ ಮಾತ್ರ ಫೋನಿಗೆ ಹೋಗಲಿ, ಓಎನ್‌ಟಿಯದು ಬೆಳಿಗ್ಗೆ ನೋಡಿದರಾಯ್ತು.

ಎಲ್ಲ ಹಾಕಿದ ಮೇಲೆ ಪರೀಕ್ಷೆ ಬಿಡಬೇಡಿ. ಗ್ರಾಹಕರಿಗೆ ಮೊದಲೇ ಮೆಸೇಜ್ ಕಳಿಸಿ, 4ಜಿ ದಾರಿಯಲ್ಲಿ ಒಳಗೆ ಹೋಗಿ, ನಸುಕಿನ 3ಕ್ಕೆ ಗಂಗಾವತಿ ಅಪ್‌ಲಿಂಕ್ 15 ನಿಮಿಷ ಶಟ್ ಮಾಡಿ. ಪೋಲರ್ ಬಳಕೆ 75% ದಾಟಬಾರದು, ರಾಯಚೂರಿನ ಒಂದೂ ಗ್ರಾಫ್ ಖಾಲಿ ಬರಬಾರದು, ಲೈನ್ ಬಂದ ಮೇಲೆ ಆ 15 ನಿಮಿಷದ ಅಂಕಿ ಪ್ರಾಕ್ಸಿಯಿಂದ ಬಂದು ತುಂಬಿರಬೇಕು. ಯಾವುದು ತಪ್ಪಿತು ಅಂತ ಇಲ್ಲೇ ಬರೆಯಿರಿ, ನೋಡೋಣ.