‘ಡಿಸ್ಕ್ ಜಾರಿದೆ’ ಎನ್ನುವುದರ ಬದಲು ಯಾವ ಕ್ರಿಯಾಪದ ಬಳಸಬಹುದು?

ಎಲ್ಲರಿಗೂ ನಮಸ್ಕಾರ.

ನಾನು ಕೋಲಾರದಲ್ಲಿ ಫಿಸಿಯೋಥೆರಪಿಸ್ಟ್. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ತೊಂದರೆಯಿಂದ ಬರುವ ಬೆನ್ನುನೋವಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಏನೇನು ಮಾಡಬಹುದು ಎಂದು ರೋಗಿಗಳಿಗಾಗಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಮೊದಲ ಸಾಲಿನ ಕ್ರಿಯಾಪದವೇ ಕೂಡಿಬರುತ್ತಿಲ್ಲ.

ಇಲ್ಲಿ ಎಲ್ಲರ ಬಾಯಲ್ಲೂ ‘ಡಿಸ್ಕ್ ಜಾರಿದೆ’. ಟೊಮೆಟೊ ಮಂಡಿಯಲ್ಲಿ 15 ಕಿಲೋ ಕ್ರೇಟುಗಳನ್ನು ಎತ್ತಿಳಿಸುವ ಹಮಾಲಿಗಳು ಎಂಆರ್‌ಐ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಜಾರಿದ್ದನ್ನು ಮತ್ತೆ ಕೂರಿಸುತ್ತೀರಾ?’ ಎಂದು ಕೇಳುತ್ತಾರೆ. ತಪ್ಪು ಅವರದಲ್ಲ, ಜಾರಿದ್ದನ್ನು ಸ್ವಸ್ಥಾನಕ್ಕೆ ತಳ್ಳಬಹುದೆಂಬ ಭರವಸೆ ಆ ಮಾತಿನಲ್ಲೇ ಅಡಗಿದೆ. ಅದನ್ನು ನಂಬಿ ಬೆನ್ನು ತುಳಿಸಿಕೊಂಡು ನೋವು ಹೆಚ್ಚಿಸಿಕೊಂಡವರೂ ಬರುತ್ತಾರೆ.

ಡಿಸ್ಕ್ ಜಾರುವುದೇ ಇಲ್ಲ. ಮೇಲಿನ, ಕೆಳಗಿನ ಮೂಳೆಗಳಿಗೆ ಅದು ಭದ್ರವಾಗಿ ಅಂಟಿಕೊಂಡಿರುತ್ತದೆ. ಅದರ ಸುತ್ತಲಿನ ನಾರಿನ ಬಳೆ ಸಡಿಲಗೊಂಡು ಉಬ್ಬುತ್ತದೆ, ಇಲ್ಲವೇ ಬಿರುಕು ಬಿಟ್ಟು ಒಳಗಿನ ಲೋಳೆಯಂಥ ತಿರುಳು ಹೊರಬಂದು ಪಕ್ಕದ ನರವನ್ನು ಕೆಣಕುತ್ತದೆ. ಹೊರಬಂದ ತಿರುಳನ್ನು ಎಷ್ಟೋ ಸಲ ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಕಾಲಿಗಿಳಿಯುವ ನೋವು ಹೆಚ್ಚಿನವರಲ್ಲಿ 6ರಿಂದ 12 ವಾರಗಳೊಳಗೆ ತಗ್ಗುತ್ತದೆ. ಈ ಧೈರ್ಯ ಓದುಗರಿಗೆ ಮೊದಲ ಸಾಲಿನಲ್ಲೇ ಸಿಗಬೇಕೆಂಬುದು ನನ್ನ ಆಸೆ. ‘ಉಬ್ಬಿದೆ’ ನನಗೆ ಹಿಡಿಸಿದೆ, ಏಕೆಂದರೆ ಉಬ್ಬಿದ್ದು ಇಳಿಯುತ್ತದೆ ಎಂದು ಜನರಿಗೆ ಗೊತ್ತು. ಆದರೆ ತಿರುಳು ಹೊರಬಂದಾಗ ಅದು ಸಾಲದು. ‘ಒಡೆದಿದೆ’ ಎಂದರೆ ಗಾಬರಿಯಾಗುತ್ತಾರೆ. ಎರಡಕ್ಕೂ ಒಪ್ಪುವ ಕ್ರಿಯಾಪದ ನಿಮ್ಮ ಕಡೆ ಇದೆಯೇ?

ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆಗೆ ವೈದ್ಯರು ಹೇಳುವ ‘ಕನ್ಸರ್ವೇಟಿವ್ ಚಿಕಿತ್ಸೆ’ ಎಂಬುದಕ್ಕೆ ‘ಸಂಪ್ರದಾಯಬದ್ಧ’ ಎಂದು ಬರೆದರೆ ನಾಟಿ ಔಷಧ ಎಂದುಕೊಳ್ಳುತ್ತಾರೆ. ನಡಿಗೆ, ವ್ಯಾಯಾಮ, ನೋವಿನ ಮಾತ್ರೆ, ಕೆಲವರಿಗೆ ನರದ ಬಳಿ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಎಂದು ಬಿಡಿಬಿಡಿಯಾಗಿ ಹೇಳುವುದೇ ಲೇಸು. ‘ವಿಶ್ರಾಂತಿ’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಓದಿದವರು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಾರೆ; ಸ್ನಾಯುಗಳು ಸೊರಗಿ ಚೇತರಿಕೆ ತಡವಾಗುತ್ತದೆ.

ಇನ್ನೊಂದು ಪದಕ್ಕೆ ತುರ್ತಾಗಿ ಉತ್ತರ ಬೇಕು. ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿನ ಸುತ್ತ ಸ್ಪರ್ಶ ತಿಳಿಯದಿದ್ದರೆ ಮನೆಯಲ್ಲಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸ್ಪರ್ಶ ತಿಳಿಯದಿರುವುದಕ್ಕೆ ‘ಜೋಮು’ ಎಂದು ಬರೆದರೆ, ಕೂತು ಎದ್ದಾಗ ಕಾಲಿಗೆ ಬರುವ ಜುಮ್ಮೆನ್ನುವಿಕೆ ಎಂದು ಕಡೆಗಣಿಸಿಯಾರು. ನನ್ನ ಒಲವು ‘ಮರಗಟ್ಟುವುದು’ ಎಂಬುದರತ್ತ. ಶಿಡ್ಲಘಟ್ಟ, ಪಾವಗಡದ ಕಡೆಯವರು ಹೇಳಿ: ನಿಮ್ಮ ಮನೆಯ ಹಿರಿಯರಿಗೆ ಈ ಎರಡು ಪದಗಳ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆಯೇ?