ಒಡ್ಡಿಗೆ ಮೆಟ್ಟಿಲು ಕಟ್ಟಿದರೆ ಮೀನು ಹತ್ತುತ್ತಾ?

ಪ್ರಶ್ನೆ: ನಮ್ಮದು ಘಟ್ಟದ ಬುಡದ ಊರು. ಹೊಳೆಗೆ ಅಡ್ಡಲಾಗಿ 2 ಮೀಟರ್ ಎತ್ತರದ ಕಾಂಕ್ರೀಟ್ ಒಡ್ಡು ಇದೆ, ಅಲ್ಲಿಂದ ಕಾಲುವೆಯಲ್ಲಿ ತೋಟಗಳಿಗೆ ನೀರು. ಮೊದಲ ಮಳೆಗೆ ಹತ್ತುಮೀನು (ಮೊಟ್ಟೆಯಿಡಲು ಹೊಳೆ ಹತ್ತುವ ಮೀನು) ಬಂದು ಒಡ್ಡಿನ ಬುಡದಲ್ಲೇ ಒದ್ದಾಡುತ್ತವೆ. ಬಲೆಯವರಿಗೆ ಹಬ್ಬ. ಈಗ ಒಡ್ಡಿನ ದುರಸ್ತಿ ಇದೆ. ಜೊತೆಗೇ ಒಂದು ಮೀನೇಣಿ, ಅಂದರೆ ಮೀನು ಹತ್ತಲು ಮೆಟ್ಟಿಲು ಮೆಟ್ಟಿಲಾಗಿ ನೀರಿನ ತೊಟ್ಟಿಗಳಿರುವ ದಾರಿ, ಕಟ್ಟಿಸೋಣ ಅಂತಿದ್ದೇವೆ. ಹತ್ತುತ್ತವಾ?

ಉತ್ತರ (ಜಲ ಎಂಜಿನಿಯರ್): ಹತ್ತುತ್ತವೆ, ಏಣಿಯ ಬಾಯಿ, ಅಂದರೆ ಮೀನು ಒಳಹೋಗುವ ಕೆಳತುದಿ, ಸರಿಯಾದ ಜಾಗದಲ್ಲಿದ್ದರೆ. ಮೀನೇಣಿ ಸೋಲುವುದು ಹೆಚ್ಚಾಗಿ ಅಲ್ಲೇ. ಹೊಳೆ ಹತ್ತುವ ಮೀನು ಸೆಳೆತ ಹಿಡಿದು, ದಾರಿ ಮುಗಿಯುವ ತನಕ ಹೋಗುತ್ತದೆ. ಏಣಿಯ ಬಾಯಿ ಒಡ್ಡಿನಿಂದ 15 ಮೀಟರ್ ಕೆಳಗಿದ್ದರೆ ಮೀನು ಅದನ್ನು ದಾಟಿಕೊಂಡು ಮುಂದೆ ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ಹಾಗಾಗಿ ನಕ್ಷೆ ಮಾಡುವ ಮೊದಲು ಮಳೆ ಶುರುವಾದಾಗ ದಡದಲ್ಲಿ ನಿಂತು ನೋಡಿ. ಮೀನು ಯಾವ ಮೂಲೆಯಲ್ಲಿ ನೆಗೆಯುತ್ತವೋ ಬಾಯಿ ಅಲ್ಲೇ, ಒಡ್ಡಿನ ಬುಡಕ್ಕೆ ತಾಗಿಕೊಂಡೇ ಇರಲಿ. ಅಲ್ಲಿಂದ ಬರುವ ನೀರೂ ಮೀನಿಗೆ ಗೊತ್ತಾಗುವಷ್ಟು ಇರಬೇಕು. ಪಕ್ಕದಲ್ಲಿ ಧುಮ್ಮಿಕ್ಕುವ ನೀರಿನ ಶೇಕಡಾ 1ರಿಂದ 5ರಷ್ಟಾದರೂ ಏಣಿಯಿಂದ ಬರಲಿ ಅನ್ನುವುದು ರೂಢಿಯ ಲೆಕ್ಕ.

ಇನ್ನು ಮೆಟ್ಟಿಲ ಎತ್ತರ. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ 30 ಸೆಂ.ಮೀ. ಇಳಿಕೆ ಕೊಟ್ಟರೆ ಸಂದಿಯಲ್ಲಿ ನೀರಿನ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್. ಅದು ಸಾಲ್ಮನ್‌ಗೆ (ಸಮುದ್ರದಿಂದ ನದಿ ಹತ್ತುವ, ಬಲವಾಗಿ ಈಜುವ ವಿದೇಶಿ ಮೀನು) ಸರಿ. 10 ಸೆಂ.ಮೀ. ಆದರೆ 1.4 ಮೀಟರ್. ನಿಮ್ಮ ಹೊಳೆಯ ದೊಡ್ಡ ಮಹಸೀರ್‌ಗೆ ಮೊದಲನೆಯದೂ ಆದೀತು. ಆದರೆ ಬೆರಳುದ್ದದ ಮೀನು, ತಳ ಹಿಡಿದೇ ಹೋಗುವ ಮೀನುಗಳ ಗತಿ? ನಾನಾದರೆ 10 ಸೆಂ.ಮೀ. ಇಡುತ್ತೇನೆ. 2 ಮೀಟರಿಗೆ 20 ಇಳಿಕೆ, ಒಂದೊಂದು ತೊಟ್ಟಿ 2 ಮೀಟರ್ ಅಂದರೂ ಹತ್ತಿರ ಹತ್ತಿರ 40 ಮೀಟರ್ ಉದ್ದ. ಬಾಯಿ ಬುಡದಲ್ಲೇ ಇರಬೇಕಾದ್ದರಿಂದ ಏಣಿಯನ್ನು ದಡದೊಳಗೆ ಮಡಚಿ ತರಬೇಕು. ಗುತ್ತಿಗೆದಾರರು ಜಾಗ ಉಳಿಸಲು ಕಡಿದಾಗಿ ಮಾಡೋಣ ಅನ್ನುತ್ತಾರೆ. ಒಪ್ಪಬೇಡಿ.

ತೊಟ್ಟಿಗಳ ನಡುವಿನ ಗೋಡೆಗೆ ಮೇಲಿಂದ ತಳದ ತನಕ ಒಂದು ಸೀಳು ಬಿಡಿಸಿ. ಕೆನಡಾದ ಫ್ರೇಸರ್ ನದಿಯ ಹೆಲ್ಸ್ ಗೇಟ್‌ನಲ್ಲಿ 1914ರಲ್ಲಿ ರೈಲು ಹಾದಿಯ ಕೆಲಸದಿಂದ ಬಂಡೆ ಕುಸಿದು ಸಾಲ್ಮನ್‌ಗಳ ದಾರಿ ಕಟ್ಟಿತು. ಅಲ್ಲಿ ನೀರಿನ ಮಟ್ಟ ಏರಿಳಿಯುವುದು ವಿಪರೀತ. 1940ರ ದಶಕದಲ್ಲಿ ಅದಕ್ಕೆಂದೇ ಈ ಸೀಳಿನ ಮಾದರಿ ಮಾಡಿದರು. ನೀರು ಎಷ್ಟೇ ಇರಲಿ, ಸೀಳು ಕೆಲಸ ಮಾಡುತ್ತದೆ, ತಳದ ಮೀನಿಗೂ ದಾರಿ ಸಿಗುತ್ತದೆ. ಜೂನ್‌ಗೂ ಆಗಸ್ಟ್‌ಗೂ ಅಜಗಜಾಂತರ ಇರುವ ನಮ್ಮ ಹೊಳೆಗಳಿಗೆ ಇದೇ ವಾಸಿ.

ಇನ್ನೊಬ್ಬರು: ಏಣಿ ಹತ್ತಲಾರದ ಮೀನೂ ಇರುತ್ತವೆ ಅಲ್ವಾ?

ಉತ್ತರ: ಇವೆ. ಅಮೆರಿಕದ ಮೊಂಟಾನಾದಲ್ಲಿ ಯೆಲ್ಲೋಸ್ಟೋನ್ ನದಿಗೆ ಹೀಗೇ ನೀರಾವರಿಯ ಒಡ್ಡು ಇದೆ. ಪ್ಯಾಲಿಡ್ ಸ್ಟರ್ಜನ್ ಎಂಬ ಅಳಿವಿನಂಚಿನ ಮೀನಿಗೆ ಏಣಿ ಆಗಿಬರುವುದಿಲ್ಲ. ಕೊನೆಗೆ ಒಡ್ಡನ್ನು ಸುತ್ತಿಕೊಂಡು ಹೋಗುವ ಸುಮಾರು 2 ಮೈಲಿ ಉದ್ದದ ಕಾಲುವೆಯನ್ನೇ ತೋಡಿ 2022ರಲ್ಲಿ ನೀರು ಬಿಟ್ಟರು. ಅದಕ್ಕೂ ಮೊದಲೇ, 2012ರಲ್ಲಿ, ನೀರಾವರಿ ಕಾಲುವೆಯ ಬಾಯಿಗೆ ಜಾಲರಿ ಹಾಕಿದ್ದರು. ಇದನ್ನು ನಮ್ಮಲ್ಲಿ ಯಾರೂ ಕೇಳುವುದೇ ಇಲ್ಲ. ಮೇಲೆ ಹತ್ತಿದ ಮೀನಿನ ಮರಿ ಕೆಳಗೆ ಬರುವಾಗ ನಿಮ್ಮ ತೋಟದ ಕಾಲುವೆಗೆ ನುಗ್ಗಿ ಅಡಿಕೆ ಬುಡದಲ್ಲಿ ಸತ್ತರೆ ಏಣಿ ಕಟ್ಟಿ ಏನು ಬಂತು? ಸಣ್ಣ ಕಣ್ಣಿನ ಜಾಲರಿ, ಅದೂ ಅಗಲವಾಗಿ. ಅಗಲ ಇದ್ದಷ್ಟೂ ನೀರು ನಿಧಾನಕ್ಕೆ ಒಳಹೋಗುತ್ತದೆ, ಮರಿ ಅಂಟಿಕೊಳ್ಳುವುದಿಲ್ಲ.

ಮತ್ತೊಬ್ಬರು: ನಮ್ಮದು ಕರಾವಳಿಯ ಕಿಂಡಿ ಅಣೆಕಟ್ಟು. ಮಳೆಗಾಲಕ್ಕೆ ಕಿಂಡಿಗಳ ಹಲಗೆ ತೆಗೆಯುತ್ತೇವೆ. ನಮಗೂ ಏಣಿ ಬೇಕಾ?

ಉತ್ತರ: ಹೆಚ್ಚಿನ ಕಡೆ ಬೇಡ. ಆದರೆ ಹಲಗೆ ಮೊದಲ ಮಳೆಗೆ ಮುಂಚೆಯೇ ಹೊರಗಿರಬೇಕು. ನೆರೆ ಬಂದು ಮರದ ದಿಮ್ಮಿ ಸಿಕ್ಕಿಕೊಂಡ ಮೇಲೆ ತೆಗೆದರೆ ಹತ್ತುಮೀನಿನ ಕಾಲ ಕಳೆದಿರುತ್ತದೆ. ಆಮೇಲೆ ಕಾಂಕ್ರೀಟ್ ನೆಲ ಮುಗಿಯುವ ಅಂಚು ನೋಡಿ. ಅಲ್ಲಿ ಮರಳು ಕೊಚ್ಚಿಹೋಗಿ ಮೊಣಕಾಲೆತ್ತರದ ಹೊಂಡ ಬಿದ್ದಿರುತ್ತದೆ. ನೆಲದ ಮೇಲೆ ನೀರು ಪಾದ ಮುಳುಗದಷ್ಟು ತೆಳ್ಳಗೆ ಹರಡಿರುತ್ತದೆ. ಮೀನಿಗೆ ಅದೇ ಗೋಡೆ. ದೊಡ್ಡ ಕಲ್ಲು ಹಾಕಿ 20 ಅಡಿಗೆ 1 ಅಡಿಯಂತೆ ಇಳಿಜಾರು ಮಾಡಿ, ಒಂದು ಕಿಂಡಿಯ ನೆಲ ಮಾತ್ರ ತಗ್ಗಿಸಿದರೆ ನೀರು ಅಲ್ಲಿ ಸೇರುತ್ತದೆ. ಹಾವುಮೀನಿನ ಮರಿಗಳು ಸಮುದ್ರದಿಂದ ಬರುತ್ತವೆ. ಅವಕ್ಕೆ ಅಂಚಿನಲ್ಲಿ ಒರಟು ಬ್ರಷ್ ಹೊದಿಸಿದ ಒದ್ದೆ ಇಳಿಜಾರು ಸಾಕು, ತೆವಳಿಕೊಂಡು ಹೋಗುತ್ತವೆ.

ಮೊದಲು ಕೇಳಿದವರು: ಥ್ಯಾಂಕ್ಸ್ ಸಾರ್. ಒಂದೇ ಭಯ, ಏಣಿಯ ಬಾಯಿಗೇ ಯಾರಾದರೂ ಕೂಳಿ (ಮೀನು ಹಿಡಿಯುವ ಬುಟ್ಟಿ) ಇಟ್ಟರೆ?

ಉತ್ತರ: ಇಡುತ್ತಾರೆ, ಅನುಮಾನವೇ ಬೇಡ. ತೊಟ್ಟಿಗಳ ಮೇಲೆ ಕಬ್ಬಿಣದ ಸರಳು ಹಾಕಿಸಿ. ಬಾಯಿಯ ಆಸುಪಾಸು ಬಲೆ, ಕೂಳಿ ಬೇಡ ಅಂತ ಊರಿನ ಸಭೆಯಲ್ಲಿ ಮೊದಲೇ ತೀರ್ಮಾನ ಮಾಡಿ. ಮಳೆಗಾಲದಲ್ಲಿ ಸೀಳಿಗೆ ಸಿಕ್ಕಿದ ಸೋಗೆ, ಕೊಂಬೆ ತೆಗೆಯುವ ಕೆಲಸ ಒಬ್ಬರಿಗೆ ವಹಿಸಿ. ನಕ್ಷೆ ಕಳಿಸುವಾಗ ಒಡ್ಡಿನ ಕೆಳಗೆ ನೀರು ಜೂನ್‌ನಲ್ಲಿ ಎಲ್ಲಿರುತ್ತದೆ, ಆಗಸ್ಟ್‌ನಲ್ಲಿ ಎಲ್ಲಿರುತ್ತದೆ ಅಂತ ಗುರುತು ಮಾಡಿ ಕಳಿಸಿ, ನೋಡಿ ಹೇಳುತ್ತೇನೆ.